ಬೀಗದ ಮನೆಗೆ ಬೀಗರು

ಕುಲಶೇಖರ, ಮಂಗಳೂರು
ಜನವರಿ 18, 2024

ಪ್ರೀತಿಯ ಆಶಾ,

ಕೈಯಲ್ಲಿ ಫೋನಿರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಸಂಶಯ ಬಂದಿರಬೇಕು. ಬರಲಿ. ಈ ಕಾಗದ ಪೂರ್ತಿ ಸಂಶಯದ್ದೇ. ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕಿ ಒಗ್ಗರಣೆ ಮಾಡುತ್ತೀ. ನನ್ನ ಗುಟ್ಟು ಸಾಸಿವೆಯ ಜೊತೆ ಸಿಡಿದು ಯಜಮಾನರು ಸುಂದರಣ್ಣ, ಮಕ್ಕಳು ತುಷಾರ್, ಚೈತಾಲಿ ಎಲ್ಲರ ಮೇಲೂ ಬೀಳುತ್ತದೆ. ವಾಟ್ಸಾಪಿನ ಕಥೆ ನಿನಗೆ ಗೊತ್ತೇ ಉಂಟು. ನಾದಿನಿಯ ಬಗ್ಗೆ ನಿನಗೊಬ್ಬಳಿಗೆ ಬರೆದದ್ದನ್ನು ನಾನು ಕುಟುಂಬದ ಗ್ರೂಪಿಗೇ ಕಳಿಸಿ, ನಾದಿನಿಯೇ ಮೊದಲು ಓದಿ ನಗುವ ಮುಖ ಹಾಕಿದ್ದಳು. ಕಾಗದಕ್ಕೆ ಫಾರ್ವರ್ಡ್ ಬಟನ್ ಇಲ್ಲ. ಒಂದನೇ ಮಹಡಿಯ ಲವಿನಾ ರಜೆ ಮುಗಿಸಿ ನಾಳೆ ಮಸ್ಕತ್ತಿಗೆ ಹೊರಡುತ್ತಾಳೆ. ನರ್ಸಲ್ಲವಾ, ಬಾಯಿಗೆ ಬ್ಯಾಂಡೇಜ್ ಕಟ್ಟಿಕೊಂಡೇ ಇರುತ್ತಾಳೆ. ಕೋರಿರೊಟ್ಟಿಯ ಪ್ಯಾಕೆಟಿನ ಕೆಳಗೆ ಇದನ್ನು ಇಟ್ಟಿದ್ದೇನೆ. ರೊಟ್ಟಿ ಪುಡಿಯಾದರೂ ಗುಟ್ಟು ಇಡಿಯಾಗಿ ಸಿಗಲಿ.

ಮೊದಲು ನಿನ್ನ ಮನೆಯ ಸುದ್ದಿ. ಬೀಗದ ಕೈ ನನ್ನ ಕೈಯಲ್ಲಿ ಕ್ಷೇಮ. ಪ್ರತಿ ಶನಿವಾರ ಬಾಗಿಲು ತೆಗೆದು, ಕೋಣೆಗಳಿಗೆ ಗಾಳಿ ಕುಡಿಸಿ, ನಲ್ಲಿಗಳನ್ನು ಬಿಟ್ಟು, ದೇವರಿಗೆ ದೀಪ ಹಚ್ಚಿ ಬರುತ್ತೇನೆ. ಎದುರುಬದುರು ಬಾಗಿಲಾದ ಕಾರಣ ಚಪ್ಪಲಿ ಕೂಡ ಬೇಡ, ಬರಿಗಾಲಿನಲ್ಲೇ ದಾಟುವುದು. ನಿನ್ನ ಬಿಳಿ ಸೋಫಾ ಚಾದರ ಹೊದ್ದು ಮಲಗಿದೆ. ಪ್ರತಿ ಸಲವೂ ಯಾರೋ ತೀರಿಕೊಂಡ ಮನೆಗೆ ಬಂದ ಹಾಗೆ ಆಗಿ, ಮೆಲ್ಲಗೆ ಮಾತಾಡುತ್ತೇನೆ.

ಇನ್ನು ವಿಷಯ. ನಮ್ಮ ಅಶ್ಮಿತಾಗೆ ಒಂದು ಸಂಬಂಧ ಬಂದಿದೆ. ಹಂಪನಕಟ್ಟೆಯ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವವಳನ್ನು ಈಗ ಹೆಣ್ಣು ಪರೀಕ್ಷೆಗೆ ಕೂರಿಸಬೇಕು. ಹುಡುಗ ಹಿತೇಶ್, ಬೋಳಾರದವನು, ಕೆಲಸ ನಿಮ್ಮ ಮಸ್ಕತ್ತಿನಲ್ಲೇ. ತಂದೆ ಇಲ್ಲ. ತಾಯಿ ಜಯ ಅಂತ. ಬ್ರೋಕರ್ ನೋಣಯ್ಯ ಫೋನ್ ಮಾಡಿ, "ಹುಡುಗ ಚಿನ್ನ ಚಂಪಕ್ಕ! ಇನ್‌ಸ್ಟಾಗ್ರಾಮ್ ನೋಡಿ, ನಿಮಗೇ ಗೊತ್ತಾಗ್ತದೆ," ಎಂದ.

ನೋಡಿದೆ. ಒಂದು ವಾರ ಬಿಳಿ ಕಾರು, ಇನ್ನೊಂದು ವಾರ ಕಪ್ಪು ಕಾರು, ಮತ್ತೊಂದು ವಾರ ಕಾರಿನ ಮೇಲೊಂದು ಗಿಡುಗ. ಪ್ರತಿಯೊಂದರ ಕೆಳಗೂ "ನಮ್ಮ ರಾಜಕುಮಾರ". ಆದರೆ ಆಶಾ, ಹುಡುಗ ಎಲ್ಲ ಫೋಟೋದಲ್ಲೂ ಕಾರಿನ ಹೊರಗೇ! ಒಂದರಲ್ಲಾದರೂ ಒಳಗೆ ಕೂತಿಲ್ಲ. ಅವನು ಕಾರಿಗೆ ಒರಗಿದವನೋ, ಕಾರನ್ನು ಒರಸಿದವನೋ?

ನಮ್ಮ ಕಡೆ ವಿಚಾರಿಸದೆ ಹೆಣ್ಣು ಕೊಡುವುದುಂಟಾ? ಹಿಂದೆಲ್ಲ ಹುಡುಗನ ಬೀದಿಯ ಅಂಗಡಿಯಲ್ಲಿ ಎರಡು ಸೋಡಾ ಕುಡಿದರೆ ವಂಶದ ಚರಿತ್ರೆ ಗೊತ್ತಾಗುತ್ತಿತ್ತು. ಮಸ್ಕತ್ತಿನ ಬೀದಿಗೆ ನಾನು ಬರುವುದು ಹೇಗೆ? ಅಲ್ಲಿ ನನಗಿರುವುದು ನೀನು. ಸುಂದರಣ್ಣನ ಹೋಟೆಲಿಗೆ ಊರಿನ ಹುಡುಗರೆಲ್ಲ ಬರುತ್ತಾರಲ್ಲ, ಒಮ್ಮೆ ಮೆಲ್ಲ ವಿಚಾರಿಸು ಮಾರಾಯ್ತಿ. ಫೋಟೋಗಳನ್ನು ನೋಡಿದಾಗಿನಿಂದ ನನಗೆ ಅನ್ನ ಸೇರುವುದಿಲ್ಲ. ಅಶ್ಮಿತಾ ಮಾತ್ರ ಅವನ ಮುಖವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಾಳೆ, ಕಾರಿನ ಕಡೆ ನೋಡುವುದೇ ಇಲ್ಲ.

ಅಂದ ಹಾಗೆ, ಪ್ರತಿ ಶುಕ್ರವಾರ ನಿನ್ನ ಸ್ಟೇಟಸ್ಸಿನಲ್ಲೂ ಈಜುಕೊಳ ನೋಡುತ್ತೇನೆ. ನೀಲಿ ನೀರು, ನೀಲಿ ಕುರ್ಚಿ. ನೀನು ಮಾತ್ರ ಒಮ್ಮೆಯೂ ಒದ್ದೆಯಾದದ್ದು ಕಂಡಿಲ್ಲ!

ನಿನ್ನ ಕೀಲಿಕೈಯ ಕಾವಲುಗಾರ್ತಿ,
ಚಂಪಾ


ಮಸ್ಕತ್
ಫೆಬ್ರವರಿ 9, 2024

ಚಂಪಿ,

ರೊಟ್ಟಿ ಪುಡಿಯಾಗಿ ಬಂತು, ಗುಟ್ಟು ಇಡಿಯಾಗಿ ಬಂತು. ಎರಡನ್ನೂ ಅಡುಗೆಕೋಣೆಯಲ್ಲಿ ನಿಂತು ಒಬ್ಬಳೇ ಮುಗಿಸಿದೆ.

ಒಂದು ತಿದ್ದುಪಡಿ. ಈಜುಕೊಳದ ಬದಿಯಲ್ಲಿ ಕೂತವರೆಲ್ಲ ಈಜಬೇಕು ಅಂತ ಎಲ್ಲಿ ಉಂಟು? ನೀನು ಬಿ.ಎ. ಮುಗಿಯುವವರೆಗೂ ಲೈಬ್ರರಿಯಲ್ಲಿ ಕೂತಿದ್ದಿ, ನಾವು ಯಾರಾದರೂ ಕೇಳಿದೆವಾ?

ಪತ್ತೇದಾರಿ ಕೆಲಸಕ್ಕೆ ನಾನು ತಯಾರು. ಹುಡುಗನನ್ನು ಫಾಲೋ ಮಾಡಿ ಆಯಿತು. ನಮ್ಮ ಕಾಲದಲ್ಲಿ ಹುಡುಗರು ನಮ್ಮನ್ನು ಫಾಲೋ ಮಾಡಿದರೆ ಅಣ್ಣಂದಿರು ಕೈ ಮುರಿಯುತ್ತಿದ್ದರು. ಈಗ ಐವತ್ತು ದಾಟಿದ ಹೆಂಗಸು ಹುಡುಗನನ್ನು ಫಾಲೋ ಮಾಡಿದರೆ ಅವನು "ಥ್ಯಾಂಕ್ಸ್" ಎನ್ನುತ್ತಾನೆ. ಆದರೆ ನನಗೂ ಒಂದು ಸಂಶಯ ಬಂದಿದೆ. ಫೋಟೋಗಳು ಬರುವುದು ನಡುಹಗಲಿನಲ್ಲಿ, ಇಲ್ಲಿ ದುಡಿಯುವ ಹುಡುಗರಿಗೆ ತಲೆ ತುರಿಸಲಿಕ್ಕೂ ಪುರುಸೊತ್ತಿಲ್ಲದ ಹೊತ್ತಿನಲ್ಲಿ. ತನ್ನನ್ನು ತಾನೇ ರಾಜಕುಮಾರ ಅಂತ ಬರೆಯುವ ಹುಡುಗನನ್ನೂ ನಾನು ಕಂಡಿಲ್ಲ. ಇದು ಬೇರೆ ಯಾರದೋ ಕೈ. ಊರಿನವಳು ಅಂತ ಪರಿಚಯ ಹೇಳಿ ಅವನಿಗೊಂದು ಮೆಸೇಜ್ ಹಾಕಿದ್ದೇನೆ, ಭೇಟಿಯಾಗುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ.

ಮನೆಯ ವಿಷಯ. ಗ್ಯಾಸ್ ಕನೆಕ್ಷನ್ ಈಗಲೂ ಚಾಲ್ತಿಯಲ್ಲಿ ಉಂಟಾ? ಬೇಸಗೆಯಲ್ಲಿ ಬೋರ್‌ವೆಲ್ಲಿನ ನೀರು ಸಾಕಾಗುತ್ತದಾ? ಅಲ್ಲಿಂದ ಕಾಲೇಜಿಗೆ ಬಸ್ಸು ಹೇಗೆ ಅಂತ ಚೈತಾಲಿ ಕೇಳುತ್ತಿದ್ದಳು. ಸುಮ್ಮನೆ ಕೇಳಿದ್ದು. ನೀನು ಇದರಲ್ಲಿಯೂ ಸಂಶಯ ಹುಡುಕಬೇಡ.

ಸೋಫಾದ ಚಾದರ ಮಾತ್ರ ತೆಗೆಯಬೇಡ, ಬೆರಳಿಟ್ಟರೆ ಗುರುತು ಬೀಳುವ ಬಟ್ಟೆ ಅದು. ಮತ್ತೆ, ಚಿನ್ನದ ಅಂಚಿನ ಕಪ್ಪುಗಳು. ನಾನು ಬಂದ ಮೇಲೆ ಅದರಲ್ಲಿ ಮೊದಲ ಚಾ ನಾವಿಬ್ಬರೇ ಕುಡಿಯುವುದು ಅಂತ ಮಾತಾಗಿದೆ. ನೆನಪುಂಟಲ್ಲ?

ನಿನ್ನ ಗುಪ್ತಚಾರಿಣಿ,
ಆಶಾ


ಕುಲಶೇಖರ
ಮಾರ್ಚ್ 2, 2024

ಪ್ರೀತಿಯ ಆಶಾ,

ಗ್ಯಾಸ್ ಉಂಟು, ನೀರು ಉಂಟು, ಬಸ್ಸು ಬಿಕರ್ನಕಟ್ಟೆಯಿಂದ ಬೇಕಾದಷ್ಟು ಉಂಟು. ಗುರುವಾರ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಜನ ಬರುವ ಹೊತ್ತಿನಲ್ಲಿ ಮಾತ್ರ ನಿಲ್ಲಲಿಕ್ಕೂ ಜಾಗ ಇರುವುದಿಲ್ಲ. ಮನೆಯೂ ಉಂಟು, ಇದ್ದ ಹಾಗೆಯೇ ಉಂಟು. ಇದ್ದ ಹಾಗೆ ಇರದೆ ಮನೆ ಎಲ್ಲಿಗೆ ಹೋಗುತ್ತದೆ?

ಹುಡುಗನ ತಾಯಿ ಬಂದು ಅಶ್ಮಿತಾಳನ್ನು ನೋಡಿ ಹೋದರು. ಒಂದು ದಿನ ಮೊದಲೇ ಬಂದುಬಿಟ್ಟರು ಮಾರಾಯ್ತಿ! ಭಾನುವಾರ ಅಂತ ಹೇಳಿದ್ದ ನೋಣಯ್ಯ ಶನಿವಾರ ಸಂಜೆಯೇ ಕರೆದುಕೊಂಡು ಬಂದ. ನನ್ನ ತಲೆ ಕೂಡ ಬಾಚಿರಲಿಲ್ಲ. ಆದರೂ ಎಲ್ಲ ಚೆನ್ನಾಗಿಯೇ ಆಯಿತು. ಜಯಕ್ಕನಿಗೆ ಹುಡುಗಿ ಹಿಡಿಸಿದಳು, ಚಾ ಹಿಡಿಸಿತು, ಗಾಳಿ ಬೆಳಕು ಹಿಡಿಸಿತು, ಉಯ್ಯಾಲೆ ಹಿಡಿಸಿತು. ಹಿತೇಶ್ ಮತ್ತು ಅಶ್ಮಿತಾ ಈಗ ಫೋನಿನಲ್ಲಿ ಮಾತಾಡುತ್ತಾರೆ. ಇವಳು ಮಾತಾಡುವಾಗ ಒಂದು ನಗು ಬರುತ್ತದೆ, ಅದನ್ನು ನಾನು ಇದುವರೆಗೆ ನೋಡಿರಲಿಲ್ಲ. ಫೋನ್ ಇಟ್ಟ ಮೇಲೆ ಮಾತ್ರ ಆ ನಗು ಉಳಿಯುವುದಿಲ್ಲ, ಯಾಕೋ.

ನೀನು ಬೇಗ ವಿಚಾರಿಸು. ಜಯಕ್ಕ ಫೋಟೋ ತೆಗೆಯುವುದರಲ್ಲಿ ಬಹಳ ಚುರುಕು. ಬಿಸ್ಕೆಟನ್ನು ಕೂಡ ಮೊದಲು ಫೋನಿಗೆ ತಿನ್ನಿಸಿ ಆಮೇಲೆ ತಾವು ತಿಂದರು. ಅಂಥವರನ್ನು ಕಂಡರೆ ನನಗೆ ಹೆದರಿಕೆ.

ಸುಂದರಣ್ಣನಿಗೆ ನಮಸ್ಕಾರ ಹೇಳು. ಅವಸರದಲ್ಲಿದ್ದೇನೆ, ಒಲೆಯ ಮೇಲೆ ಹಾಲು ಉಂಟು.

ನಿನ್ನ
ಚಂಪಾ


ಮಸ್ಕತ್
ಮಾರ್ಚ್ 23, 2024

ಚಂಪಾ,

ಒಲೆಯ ಮೇಲಿನ ಹಾಲು ಇಷ್ಟರಲ್ಲಿ ಉಕ್ಕಿರಬೇಕು. ಇಲ್ಲಿಯೂ ಸ್ವಲ್ಪ ಉಕ್ಕಿದೆ.

ಹಿತೇಶನನ್ನು ಮತ್ರಾ ಕಡಲ ದಂಡೆಯ ಬೆಂಚಿನಲ್ಲಿ ಭೇಟಿಯಾದೆ. ಹಳೆಯ ಪುಟ್ಟ ಕಾರಿನಲ್ಲಿ ಬಂದ, ಅದರ ಒಳಗೆ ಕೂತೇ ಬಂದ. ಸಮೋಸದ ಕಟ್ಟು ತಂದಿದ್ದ. ಕೆಲಸ ಬಾಡಿಗೆ ಕಾರಿನ ಕಂಪನಿಯಲ್ಲಿ. ಬಾಡಿಗೆಗೆ ಹೋದ ಕಾರುಗಳು ವಾಪಸು ಬಂದಾಗ ಎಲ್ಲಿ ಗೀರು ಬಿದ್ದಿದೆ ಅಂತ ಸುತ್ತ ನಡೆದು ನೋಡಿ ಬರೆಯುವುದು. ಅದಕ್ಕೇ ಎಲ್ಲ ಫೋಟೋದಲ್ಲೂ ಹೊರಗೆ. ನಿನ್ನ ಸಂಶಯಕ್ಕೆ ನೂರಕ್ಕೆ ತೊಂಬತ್ತು ಅಂಕ.

"ಹಾಗಾದ್ರೆ ರಾಜಕುಮಾರ ಅಂತ ಯಾಕೆ ಹಾಕ್ತಿ ಮಾರಾಯ?" ಎಂದೆ.

"ಆಂಟಿ, ಆ ಅಕೌಂಟ್ ಅಮ್ಮನದ್ದು. ನಿಮ್ಮ ಮೆಸೇಜ್ ಸಹ ಅಮ್ಮನೇ ನೋಡಿ ನನಗೆ ಕಳಿಸಿದ್ದು. ಅದರಲ್ಲಿ ನನ್ನದು ಹೆಸರು ಮತ್ತು ಮುಖ ಮಾತ್ರ."

"ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ವಾ?"

"ಹೇಳಿದೆ. 'ನಿನ್ನ ಅಪ್ಪ ಹೋದ ಮೇಲೆ ನಮ್ಮನ್ನು ಯಾರು ತಿರುಗಿ ನೋಡಿದ್ರು? ಈಗ ನೋಡ್ಲಿ' ಅಂದ್ರು. ಮತ್ತೆ ನಾನೆಂತ ಹೇಳುದು?"

ಹುಡುಗ ಒಳ್ಳೆಯವನು. ಇದು ನನ್ನ ವರದಿ. ಇದನ್ನು ಬರೆದು ಮುಗಿಸಿ ಸಮೋಸ ತಿಂದು ಮನೆಗೆ ಹೋಗಬೇಕಿತ್ತು. ಆದರೆ ಅವನು ಫೋನು ತೆಗೆದು, "ಇದು ಹುಡುಗಿಯ ಮನೆ ಆಂಟಿ," ಎಂದು ತಾಯಿಯ ಸ್ಟೇಟಸ್ಸಿನ ಫೋಟೋ ತೋರಿಸಿದ.

ನೋಡಿದೆ, ಚಂಪಾ. ಬೆತ್ತದ ಉಯ್ಯಾಲೆಯಲ್ಲಿ ಗುಲಾಬಿ ಸೀರೆಯ ಹೆಂಗಸು. ಹಿಂದೆ ಬಿಳಿ ಸೋಫಾ, ಚಾದರವಿಲ್ಲದೆ. ಕೈಯಲ್ಲಿ ಚಿನ್ನದ ಅಂಚಿನ ಕಪ್ಪು. ಕೆಳಗೆ, "ಬೀಗರ ಮನೆಯಲ್ಲಿ ಒಂದು ಸಂಜೆ". ಬೀಗರ ಮನೆಯೋ, ಬೀಗದ ಮನೆಯೋ? ನಿಮ್ಮ ಮನೆಯಲ್ಲಿ ಉಯ್ಯಾಲೆ ಇಲ್ಲ, ಉಯ್ಯಾಲೆ ಕಟ್ಟಲಿಕ್ಕೆ ಜಾಗವೂ ಇಲ್ಲ. ನಿನ್ನ ಕಾಗದದಲ್ಲಿ ಉಯ್ಯಾಲೆ ಹಿಡಿಸಿತು ಅಂತ ಓದಿದಾಗಲೇ ನನ್ನ ಕಣ್ಣು ಅಲ್ಲಿ ನಿಂತಿತ್ತು. ಪಾರ್ಕಿನದ್ದಿರಬಹುದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಇನ್ನೂ ಉಂಟು. "ಇಷ್ಟು ದೊಡ್ಡ ಜನ ಆಂಟಿ. ನಾನು ಇರುದು ನಾಲ್ಕು ಜನರ ರೂಮಿನಲ್ಲಿ. ಹುಡುಗಿ ಒಳ್ಳೆಯವಳು, ಆದ್ರೆ ಈ ಮನೆ ನೋಡಿದ್ರೆ ಹೆದರಿಕೆ ಆಗ್ತದೆ. ಬೇಡ ಅಂತ ಹೇಳುವ ಅಂತ ಕಾಣ್ತದೆ," ಎಂದ. ಆಮೇಲೆ ತಗ್ಗಿದ ಸ್ವರದಲ್ಲಿ, "ಅಮ್ಮನಿಗೂ ಎಂತದೋ ಸಂಶಯ. ಕುಲಶೇಖರದವರು ಸಿಕ್ಕಿದ್ರೆ ಆ ಮನೆಯ ಬಗ್ಗೆ ವಿಚಾರಿಸು ಅಂದಿದ್ದಾರೆ. ನೀವು ಅಲ್ಲಿಯವರೇ ಅಲ್ವಾ?"

ಒಂದೇ ಸಂಬಂಧಕ್ಕೆ ಎರಡೂ ಕಡೆಯ ಪತ್ತೇದಾರಿ ನಾನೇ! ಉತ್ತರ ಹೇಳದೆ ಇರಲು ಇಡೀ ಸಮೋಸವನ್ನು ಬಾಯಿಗೆ ತುಂಬಿಕೊಂಡೆ. ವಿಚಾರಿಸಿ ಹೇಳುತ್ತೇನೆ ಎಂದು ಕೈಸನ್ನೆ ಮಾಡಿದೆ. ಮನೆಗೆ ಬಿಡುತ್ತೇನೆ ಎಂದ, ಬೇಡವೆಂದು ನಡೆದೇ ಬಂದೆ.

ಈಗ ನಿನ್ನನ್ನೇ ವಿಚಾರಿಸುತ್ತಿದ್ದೇನೆ. ಆ ಮನೆ ಯಾರದ್ದು, ಚಂಪಾ?

ಆಶಾ


ಕುಲಶೇಖರ
ಏಪ್ರಿಲ್ 16, 2024

ಆಶಾ,

ಮೊನ್ನೆ ಬಿಸು. ಹೊಸ ವರ್ಷದ ದಿನ ಹಣ್ಣು ಹೂವಿನ ಕಣಿ ಇಟ್ಟು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗ ನಾನು ಬೇಗ ಬೇಗ ಎದ್ದುಬಿಟ್ಟೆ.

ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಆ ಶನಿವಾರ ನಾನು ನಿನ್ನ ಮನೆಯಲ್ಲಿ ನಲ್ಲಿ ಬಿಟ್ಟು, ಗಾಳಿಗೆ ಬಾಗಿಲು ತೆರೆದಿಟ್ಟಿದ್ದೆ. ಲಿಫ್ಟಿನಿಂದ ನೋಣಯ್ಯ ಇಳಿದ. ತೆರೆದ ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವನು ಒಳಗೆ ಬಂದ, ಹಿಂದೆ ಜಯಕ್ಕ. ನಾನು ಏನು ಮಾಡಬೇಕಿತ್ತು? ಬಾಯಿಗೆ ಬಂದದ್ದು "ಬಲೆ ಬಲೆ, ಕುಳ್ಳುಲೆ" ಮಾತ್ರ. ಬಂದವರನ್ನು ಕೂರಿಸಬೇಡವಾ? ಕೂರಿಸಿದ ಮೇಲೆ ಸೋಫಾದ ಚಾದರ ಎಳೆಯಬೇಡವಾ? ಜಯಕ್ಕ ಹೊರಗಿನ ಬೋರ್ಡು ಓದಿ ಬಂದಿದ್ದರು. "ಮನೆಯ ಹೆಸರೂ ಸುಂದರ, ಒಳಗೂ ಸುಂದರ! ಎಂತ ಪೊರ್ಲು ಮಾರಾಯ್ತಿ!" ಎಂದರು. ಅದು ಮನೆಯ ಹೆಸರಲ್ಲ, ಯಜಮಾನರ ಹೆಸರು ಎಂದು ನಾನು ಹೇಳಬೇಕಿತ್ತು. ಬಾಯಿ ತೆರೆದೆ, ಅಷ್ಟರಲ್ಲಿ ಅವರ ಫೋನೂ ತೆರೆದಿತ್ತು. ನಾನು ಸುಳ್ಳು ಹೇಳಲಿಲ್ಲ ಆಶಾ. ನಿಜವನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಆಮೇಲೆ ಒಂದರ ಹಿಂದೆ ಒಂದು. ಚಾ ಮಾಡಬೇಕು, ಹಾಲಿಲ್ಲ. ನಮ್ಮ ಬಾಗಿಲು ತಟ್ಟಿದೆ. ಇವರು ಬನಿಯನ್ನಿನಲ್ಲಿ ಕ್ರಿಕೆಟ್ ನೋಡುತ್ತಿದ್ದವರು ಬಾಗಿಲ ಸಂದಿಯಿಂದ ಪಾತ್ರೆ ಚಾಚಿದರು. ಜಯಕ್ಕ ಬಗ್ಗಿ ನೋಡಿ "ಯಾರು?" ಎಂದರು. ನಾನು "ಎದುರು ಮನೆಯವರು" ಎಂದೆ. ಕಟ್ಟಿಕೊಂಡ ಗಂಡನನ್ನು ಎದುರು ಮನೆಯವನನ್ನಾಗಿ ಮಾಡಿದೆ! ಮತ್ತೆ ಒಳಗೆ ಹೋಗಿ ಅವರಿಗೆ ಷರ್ಟ್ ಹಾಕಿಸಿ, ಕೆಲಸದಿಂದ ಈಗ ಬಂದವರ ಹಾಗೆ ಕರೆದುಕೊಂಡು ಬಂದೆ. ಅವರು ಬಂದವರೇ ನನ್ನ ಕಿವಿಯಲ್ಲಿ, "ನಾನು ಎಲ್ಲಿ ಕೂರುದು?" ಎಂದರು. ಕಪ್ಪಿನ ವಿಷಯ ಕೇಳಬೇಡ. ಕಪಾಟಿನಲ್ಲಿ ಕೈಗೆ ಸಿಕ್ಕಿದ್ದೇ ಅದು.

ಅಶ್ಮಿತಾ ಕೆಲಸದಿಂದ ಬಂದಳು. ನಮ್ಮ ಮನೆಗೆ ಹೋಗಿ, ಅಪ್ಪ ಇಲ್ಲದ್ದು ನೋಡಿ, ಸ್ವರ ಕೇಳಿ ಇತ್ತ ಬಂದಳು. ನಾನು ಕಣ್ಣು ಮಾಡಿದೆ. ಊರವರ ಕಣ್ಣು ಓದುವವಳಿಗೆ ತಾಯಿಯ ಕಣ್ಣು ಓದಲಿಕ್ಕೆ ಬರುವುದಿಲ್ಲವಾ? ಜಯಕ್ಕನಿಗೆ ನಮಸ್ಕಾರ ಮಾಡಿ ಕೂತಳು. "ನೀರು ತಾ ಮಗಾ" ಎಂದರೆ ಅಡುಗೆಕೋಣೆ ಅಂತ ಸೀದಾ ಬಚ್ಚಲಿನ ಬಾಗಿಲು ತೆಗೆದಳು.

ಅವರು ಹೋದ ಮೇಲೆ ನನ್ನ ಮುಂದೆ ನಿಂತು, "ಅಮ್ಮಾ, ಅವರು ನೋಡಿ ಹೋದದ್ದು ಯಾರನ್ನು?" ಎಂದಳು. ಅಷ್ಟೇ. ಆಮೇಲೆ ನನ್ನ ಜೊತೆ ಮಾತಿಲ್ಲ. ನಿಜ ಹೇಳಿದರೆ ಅವನು ಬಿಡುತ್ತಾನೆ ಅಂತ ಅಪ್ಪನ ಹತ್ತಿರ ಅಳುತ್ತಾಳೆ, ಹೇಳದಿದ್ದರೆ ತಾನೇ ಬಿಡಬೇಕು ಅಂತ ಅಳುತ್ತಾಳೆ. ನಾನೇ ಕೈ ಮುಗಿದು ತಡೆದಿದ್ದೇನೆ. ಆ ಮನೆಯನ್ನು ನೋಡಿ ಹುಡುಗ ಹೆದರಿದ್ದಾನೆ ಅಂತ ನಿನ್ನಿಂದ ಗೊತ್ತಾದ ಮೇಲೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಮ್ಮದೇ ಮನೆ ನೋಡಿದ್ದರೆ ಅವನು ಹೆದರುತ್ತಿದ್ದನಾ?

ಅವನು ಮತ್ತೆ ಕೇಳಿದರೆ, ಮನೆಯವರು ಒಳ್ಳೆಯವರು ಅಂತ ಮಾತ್ರ ಹೇಳು. ಅದು ಸುಳ್ಳಲ್ಲವಲ್ಲ? ನೀನೂ ಒಳ್ಳೆಯವಳೇ.

ಚಂಪಾ


ಮಸ್ಕತ್
ಮೇ 4, 2024

ಚಂಪಾ,

ಕಡೆಯ ಸಾಲಿನ ಜಾಣತನ ಕಾಲೇಜಿನ ನಾಟಕದಲ್ಲಿ ಚೆನ್ನಾಗಿರುತ್ತಿತ್ತು.

ಕೀಲಿಕೈ ಕೊಟ್ಟದ್ದು ಗಾಳಿ ಬರಲಿ ಅಂತ, ಬೀಗರು ಬರಲಿ ಅಂತ ಅಲ್ಲ. ಬಂದದ್ದಕ್ಕೆ ನನಗೆ ಬೇಸರವಿಲ್ಲ. ಫೋನ್ ಮಾಡಿ, "ಹೀಗೆ ಆಯಿತು ಮಾರಾಯ್ತಿ" ಅಂದಿದ್ದರೆ ನಾವಿಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ನೀನು ಮನೆ ಇದ್ದ ಹಾಗೆಯೇ ಉಂಟು ಅಂತ ಬರೆದೆ. ಈಗ ರಾತ್ರಿ ಮಲಗಿದರೆ ಆ ಮನೆಯಲ್ಲಿ ಇನ್ನೂ ಯಾರು ಯಾರು ಕೂತು ಎದ್ದು ಹೋಗಿರಬಹುದು ಅಂತ ಯೋಚನೆ ಬರುತ್ತದೆ. ಅಂಥ ಯೋಚನೆ ನಿನ್ನ ಬಗ್ಗೆ ಬಂತಲ್ಲ ಅಂತ ಮತ್ತೂ ಬೇಸರ.

ಹಿತೇಶ್ ಮತ್ತೆ ಕೇಳಿದ. ನಾನು ಹೇಳಿದ್ದು ಇಷ್ಟು: "ಹುಡುಗಿಯನ್ನು ನಾನು ಬಲ್ಲೆ, ಕಣ್ಣು ಮುಚ್ಚಿ ಒಪ್ಪಬಹುದು. ಮನೆಯ ವಿಷಯ ಅವರೇ ಹೇಳ್ತಾರೆ." ಈಗ ಹೇಳುವುದು ನಿನ್ನ ಕೆಲಸ. ಜಯಕ್ಕನನ್ನು ನಿನ್ನ ಮನೆಗೆ ಕರೆ, ನಿನ್ನ ಬಾಗಿಲಿನಿಂದ. ಅದು ಆಗದಿದ್ದರೆ ಕೀಲಿಕೈಯನ್ನು ಕೆಳಗಿನ ಮನೆಯ ಗ್ಲೆನಿಟಾ ಬಾಯಿ ಅವರಿಗೆ ಕೊಟ್ಟುಬಿಡು. ನಾನು ಕಾರಣ ಕೇಳುವುದಿಲ್ಲ.

ಆಶಾಲತಾ


ಕುಲಶೇಖರ
ಮೇ 27, 2024

ಆಶಾ,

ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದಿ. ಬ್ಯಾಂಕಿನಿಂದ ನೋಟೀಸು ಬಂದ ಹಾಗಾಯಿತು. ಕೀಲಿಕೈ ಹಿಡಿದು ಗ್ಲೆನಿಟಾ ಬಾಯಿಯ ಬಾಗಿಲವರೆಗೆ ಹೋಗಿದ್ದೆ. ಬೆಲ್ ಒತ್ತದೆ ವಾಪಸು ಬಂದು ಜಯಕ್ಕನಿಗೆ ಫೋನ್ ಮಾಡಿದೆ.

ಅವರು ಬಂದ ದಿನ ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ಲಿಫ್ಟಿನಿಂದ ಇಳಿದ ಜಯಕ್ಕ ನಿನ್ನ ಬಾಗಿಲ ಕಡೆ ತಿರುಗಿ ಸಹ ನೋಡಲಿಲ್ಲ. ಸೀದಾ ಬಂದು ನಮ್ಮ ಬಾಗಿಲ ಮುಂದೆ ಚಪ್ಪಲಿ ಬಿಟ್ಟರು.

"ಜಯಕ್ಕ, ಒಂದು ವಿಷಯ ಹೇಳ್ಲಿಕ್ಕುಂಟು. ಆ ಮನೆ..."

"ನಿಮ್ಮದಲ್ಲ. ಗೊತ್ತುಂಟು. ಮೊದಲು ಕುಡಿಲಿಕ್ಕೆ ನೀರು ಕೊಡಿ. ಈ ಮನೆಯಲ್ಲಿ ಅಡುಗೆಕೋಣೆ ಎಲ್ಲಿ ಅಂತ ನಿಮ್ಮ ಮಗಳಿಗೆ ಗೊತ್ತುಂಟಲ್ಲ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಯಾವಾಗ ಗೊತ್ತಾಯ್ತು?"

"ಅವತ್ತೇ. ಹೊರಡುವಾಗ ಚಪ್ಪಲಿ ಹಾಕ್ಲಿಕ್ಕೆ ಬಗ್ಗಿದೆ. ಆ ಬಾಗಿಲ ಎದುರು ನನ್ನದು ಮತ್ತು ನೋಣಯ್ಯನದ್ದು ಬಿಟ್ರೆ ಬೇರೆ ಒಂದು ಚಪ್ಪಲಿ ಇಲ್ಲ. ಈ ಬಾಗಿಲ ಎದುರು ರಾಶಿ! ಆಗ ಕೆಲಸದಿಂದ ಬಂದ ಹುಡುಗಿ ಸಹ ಚಪ್ಪಲಿ ಬಿಟ್ಟದ್ದು ಇಲ್ಲಿ. ಮನೆ ಅಲ್ಲಿ, ಚಪ್ಪಲಿ ಇಲ್ಲಿ. ಇದೆಂಥ ಸಂಸಾರ ಅಂತ ಗ್ರಹಿಸಿದೆ. ಮತ್ತೆ ಹಾಲು ಕೊಟ್ಟ ಎದುರು ಮನೆಯವರ ಕೈಯಲ್ಲಿ ಕೆಂಪು ನೂಲು, ಷರ್ಟ್ ಹಾಕಿ ಬಂದ ನಿಮ್ಮ ಯಜಮಾನರ ಕೈಯಲ್ಲಿಯೂ ಅದೇ ನೂಲು!"

ಒಳಗೆ ಕ್ರಿಕೆಟ್ ನೋಡುತ್ತಿದ್ದ ಇವರು ಮೆಲ್ಲ ಕೈಯನ್ನು ಲುಂಗಿಯ ಮಡಿಲಿಗೆ ಸೇರಿಸಿದರು.

"ಗೊತ್ತಿದ್ದೂ ಸ್ಟೇಟಸ್ಸಿಗೆ ಯಾಕೆ ಹಾಕಿದ್ರಿ?"

"ಸ್ಟೇಟಸ್ಸಿಗೆ ಆ ಮನೆ ಆಗ್ತದೆ. ಮಗನಿಗೆ ಈ ಮನೆ ಸಾಕು," ಎಂದರು, ಸ್ವಲ್ಪವೂ ನಾಚದೆ. "ನಾನು ನನ್ನ ಮಗನನ್ನು ಬಾಡಿಗೆ ಕಾರಿಗೆ ಒರಗಿಸ್ಲಿಲ್ವಾ? ಚಪ್ಪಲಿ ಫೋಟೋದಲ್ಲಿ ಕಾಣುದಿಲ್ಲ ಚಂಪಕ್ಕ."

"ಹಾಗಾದ್ರೆ ಮಸ್ಕತ್ತಿನಲ್ಲಿ ವಿಚಾರಿಸ್ಲಿಕ್ಕೆ ಯಾಕೆ ಹೇಳಿದ್ರಿ?"

"ವಿಚಾರಿಸಿದ ಸುದ್ದಿ ನಿಮ್ಮ ಕಿವಿಗೆ ಬಿದ್ರೆ ನೀವಾಗಿ ಬಾಯಿ ಬಿಡ್ತೀರಾ ಇಲ್ವಾ ಅಂತ ನೋಡ್ಲಿಕ್ಕೆ. ಬಿಡದಿದ್ರೆ ನಾನು ಹುಡುಗಿಯನ್ನೂ ಬಿಡ್ತಿದ್ದೆ."

ಸಂಜೆ ಅಶ್ಮಿತಾ ತಾನೇ ಹಿತೇಶನಿಗೆ ಎಲ್ಲ ಹೇಳಿದಳು. ಅವನು ನಕ್ಕನಂತೆ. "ಗೀರು ನೋಡುದೇ ನನ್ನ ಕೆಲಸ. ಒಂದು ಗೀರೂ ಇಲ್ಲದ ಕಾರು ಬಂದ್ರೆ ಅದನ್ನೇ ನಾನು ಎರಡು ಸಲ ಸುತ್ತು ಬರುದು," ಎಂದನಂತೆ. ಫೋನ್ ಇಟ್ಟ ಮೇಲೂ ಅವಳ ಮುಖದಲ್ಲಿ ನಗು ಹಾಗೆಯೇ ಇತ್ತು. ನನ್ನ ಹತ್ತಿರ ಬಂದು, "ಚಾ ಬೇಕಾ ಅಮ್ಮ?" ಎಂದಳು. ಮೂರು ತಿಂಗಳ ನಂತರದ ಮೊದಲ ಮಾತು.

ಜಯಕ್ಕನದು ಒಂದು ಬೇಡಿಕೆ ಉಂಟು. ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಆಗಲಿ, ಆದರೆ ಒಂದು ಫೋಟೋ ನಿನ್ನ ಉಯ್ಯಾಲೆಯಲ್ಲಿ ಬೇಕಂತೆ. "ಒಂದೇ ಒಂದು ಮಾರಾಯ್ತಿ, ಬೋಳಾರದವರಿಗೆ ತೋರಿಸ್ಲಿಕ್ಕೆ!" ಕೊಡಲಿಕ್ಕೆ ನನ್ನದಲ್ಲ, ಕೇಳಿ ಹೇಳುತ್ತೇನೆ ಎಂದೆ. ಕೇಳುತ್ತಿದ್ದೇನೆ.

ಇನ್ನೊಂದನ್ನೂ ಕೇಳುತ್ತೇನೆ, ಸಿಟ್ಟಾಗಬೇಡ. ಹಿತೇಶ್ ಹೇಳಿದನಂತೆ, ಆಂಟಿಯನ್ನು ಮೂರು ಸಲ ನೋಡಿದೆ, ಮೂರು ಸಲವೂ ಬೆಂಚಿನಲ್ಲಿ. ಮನೆಗೆ ಬಿಡ್ತೇನೆ ಅಂದ್ರೆ ಬೇಡ ಅಂತಾರೆ ಅಂತ. ಸುಂದರಣ್ಣನ ಹೋಟೆಲಿಗೆ ಹೋದರೆ ಬೋರ್ಡಿನಲ್ಲಿ ಬೇರೆ ಹೆಸರು ಉಂಟಂತೆ. ಹಾಗಾದರೆ ಶುಕ್ರವಾರದ ಆ ಈಜುಕೊಳ ಎಲ್ಲಿಯದು ಆಶಾ? ಗ್ಯಾಸ್, ನೀರು, ಚೈತಾಲಿಯ ಬಸ್ಸು ಎಲ್ಲ ನೀನು ಯಾಕೆ ಕೇಳಿದ್ದು? ನಾನು ಆಗಲೇ ಸಂಶಯಪಡಬೇಕಿತ್ತು. ನನ್ನ ಗುಟ್ಟು ಮುಚ್ಚುವ ಗಡಿಬಿಡಿಯಲ್ಲಿ ನಿನ್ನದು ಕಾಣಲಿಲ್ಲ.

ಹೇಳಬೇಕೆಂದಿಲ್ಲ. ಕೀಲಿಕೈ ಇನ್ನೂ ನನ್ನ ಹತ್ತಿರ ಉಂಟು.

ನಿನ್ನ
ಚಂಪಾ


ಮಸ್ಕತ್
ಜೂನ್ 14, 2024

ಚಂಪಿ,

ಈಜುಕೊಳ ಲವಿನಾಳ ಆಸ್ಪತ್ರೆಯವರ ಕ್ವಾರ್ಟರ್ಸಿನದ್ದು. ಶುಕ್ರವಾರ ಅವಳ ಕೋಣೆಗೆ ಹೋದಾಗ ನೀರಿನ ಫೋಟೋ ತೆಗೆಯುವುದು, ಅಷ್ಟೇ. ಅವಳ ಬಾಯಿಯ ಬ್ಯಾಂಡೇಜ್ ನಿಜಕ್ಕೂ ಗಟ್ಟಿ.

ಹೋಟೆಲು ಕಳೆದ ನವೆಂಬರಿನಲ್ಲಿ ಕೈಬಿಟ್ಟಿತು. ದೊಡ್ಡ ಮನೆಯನ್ನೂ ಬಿಟ್ಟು ಎರಡು ಕೋಣೆಗೆ ಬಂದಿದ್ದೇವೆ. ಬೋರ್ಡು ಇಳಿಸಿದ ದಿನ ಸುಂದರ ಊಟ ಮಾಡಲಿಲ್ಲ. ನಾನು ಈಜುಕೊಳದ ಫೋಟೋ ಹಾಕಿದೆ. ನೀನು ಅದಕ್ಕೆ ಸಾಲಾಗಿ ಹೃದಯ ಕಳಿಸಿದ್ದಿ. ಆ ಹೃದಯಗಳನ್ನು ನೋಡಿ, ಇನ್ನು ನಿನಗೆ ಹೇಗೆ ಹೇಳುವುದು ಅಂತ ಸುಮ್ಮನಾದೆ. ಮುಂದಿನ ಶುಕ್ರವಾರ ಮತ್ತೊಂದು ಹಾಕಲೇಬೇಕಾಯಿತು. ಆದ್ದರಿಂದ ನೀನು ನಿಜವನ್ನು ಯಾರೂ ಕೇಳಲಿಲ್ಲ ಅಂತ ಬರೆದದ್ದನ್ನು ಓದಿ ನನಗೆ ಸಿಟ್ಟು ಬಂದದ್ದು ನಿನ್ನ ಮೇಲೆ ಪೂರ್ತಿ ಅಲ್ಲ. ಆ ಮನೆಯಲ್ಲಿ ಬೇರೆಯವರು ಕೂತದ್ದು ಅಷ್ಟು ನೋಯಿಸಿತು, ಯಾಕೆಂದರೆ ನಮಗೆ ಕೂರಲಿಕ್ಕೆ ಇನ್ನು ಉಳಿದದ್ದು ಅದೊಂದೇ.

ಜುಲೈ ಮೊದಲ ವಾರ ನಾವು ನಾಲ್ಕೂ ಜನ ಬರುತ್ತೇವೆ. ವಾಪಸು ಟಿಕೆಟು ಇಲ್ಲ. ಊರಿನಲ್ಲಿ ಯಾರಿಗೂ ಹೇಳಬೇಡ, ಜಯಕ್ಕನಿಗಂತೂ ಬೇಡವೇ ಬೇಡ. ಅವರು ನಮ್ಮನ್ನು ವಿಮಾನ ನಿಲ್ದಾಣದಲ್ಲೇ ಸ್ಟೇಟಸ್ಸಿಗೆ ಹಾಕಿಯಾರು.

ಉಯ್ಯಾಲೆಯ ಫೋಟೋಗೆ ಒಪ್ಪಿಗೆ. ಆದರೆ ಆ ದಿನ ಬಾಗಿಲು ತೆಗೆಯುವವಳು ನಾನು, ಬೆಲ್ ಒತ್ತುವವಳು ನೀನು. ನೀರು ಕೇಳಿದರೆ ಅಶ್ಮಿತಾಗೆ ಅಡುಗೆಕೋಣೆಯ ದಾರಿ ನಾನೇ ತೋರಿಸುತ್ತೇನೆ. ಚಿನ್ನದ ಅಂಚಿನ ಕಪ್ಪುಗಳನ್ನು ತೊಳೆದು ಕವುಚಿಡು. ಮೊದಲ ಚಾ ಜಯಕ್ಕನಿಗೆ ಹೋಯಿತು, ಹೋಗಲಿ. ಎರಡನೆಯದು ನಮ್ಮದು.

ಒಂದು ಕೆಲಸ ಮಾಡು. ನಾವು ಬರುವ ದಿನ ನಿನ್ನ ಹಳೆಯ ಚಪ್ಪಲಿ ಒಂದು ಜೊತೆ ನಮ್ಮ ಬಾಗಿಲ ಮುಂದೆ ಬಿಟ್ಟಿರು. ಲಿಫ್ಟಿನಿಂದ ಇಳಿಯುವಾಗ ಸುಂದರನಿಗೆ, ಒಳಗೆ ಯಾರೋ ಇದ್ದಾರೆ ಅಂತ ಅನ್ನಿಸಬೇಕು.

ನಿನ್ನ ಎದುರು ಮನೆಯವಳು,
ಆಶಾ